ನಿದ್ರೆ ಬಾರದವರ ಮಿದುಳು

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಕನ್ನಡ ನಾಡಿನಲ್ಲಿ ಕೇಳದವರು ವಿರಳ. ಗಾದೆ ಹೇಳುವುದು ನಿದ್ದೆ ಬರುವವನ ಭಾಗ್ಯವನ್ನು. ಆದರೆ ಅದಕ್ಕೆ ಇನ್ನೊಂದು ಮಗ್ಗುಲೂ ಇದೆ. ಸಂತೆಯ ಗದ್ದಲ ಅಡಗಿ, ಮನೆಮಂದಿಯೆಲ್ಲ ಮಲಗಿ, ಓಣಿಯ ನಾಯಿಗಳೂ ಸುಮ್ಮನಾದ ಮೇಲೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತ ತೊಲೆಜಂತಿಗಳನ್ನು ಎಣಿಸುವವನೊಬ್ಬ ಪ್ರತಿಯೊಂದು ಊರಿನಲ್ಲಿಯೂ ಇರುತ್ತಾನೆ. ಅವನಿಗೆ ನಾವೆಲ್ಲರೂ ಹೇಳುವ ಮಾತು ಒಂದೇ: ಚಿಂತೆ ಬಿಡು, ನಿದ್ದೆ ತಾನಾಗಿ ಬರುತ್ತದೆ. ಹೇಳುವವರಿಗೆ ಇದು ಸುಲಭದ ಮಾತು. ಕೇಳುವವನಿಗೋ ಚಿಂತೆಯನ್ನು ಬಿಡಬೇಕೆಂಬುದೇ ಮತ್ತೊಂದು ಚಿಂತೆಯಾಗಿ ಅಂಟಿಕೊಳ್ಳುತ್ತದೆ. ಇಂಥವರ ತಲೆಯೊಳಗೆ ರಾತ್ರಿಯ ಹೊತ್ತು ನಿಜವಾಗಿ ಏನು ನಡೆಯುತ್ತದೆ, ಅದು ಅವರ ಮನಸ್ಸಿನ ದೌರ್ಬಲ್ಯವೋ ಅಥವಾ ಮಿದುಳಿನ ವ್ಯಾಪಾರದಲ್ಲಿ ಕಾಣಬಹುದಾದ ಬದಲಾವಣೆಯೋ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು ಕಳೆದ ಮೂವತ್ತು ವರ್ಷಗಳಿಂದ ಹೊಸ ರೀತಿಯಲ್ಲಿ ಕೇಳತೊಡಗಿದ್ದಾರೆ. ಆ ವಿಚಾರವನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ನಿದ್ರೆಯೆಂದರೆ ಏನೂ ಇಲ್ಲದಿರುವುದು, ದೀಪ ಆರಿಸಿದ ಕೋಣೆಯ ಕತ್ತಲೆಯಂಥದು ಎಂಬುದು ನಮ್ಮ ಸಾಮಾನ್ಯ ಕಲ್ಪನೆ. ಆದರೆ ನಮ್ಮ ಹಿಂದಿನವರಲ್ಲಿ ವಿಚಾರವಂತರು ಹೀಗೆ ತಿಳಿದಿರಲಿಲ್ಲ. ಪತಂಜಲಿಯ ಯೋಗಸೂತ್ರಗಳು ಚಿತ್ತದ ಐದು ವೃತ್ತಿಗಳನ್ನು ಎಣಿಸುವಾಗ ನಿದ್ರೆಯನ್ನೂ ಅವುಗಳಲ್ಲಿ ಒಂದಾಗಿ ಸೇರಿಸಿವೆ. ಎಂದರೆ ನಿದ್ರೆ ಚಿತ್ತದ ಅಭಾವವಲ್ಲ, ಚಿತ್ತದ ಒಂದು ಬಗೆಯ ನಡೆ. ಮಾಂಡೂಕ್ಯೋಪನಿಷತ್ತು ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂದು ಅವಸ್ಥೆಗಳನ್ನು ವಿಂಗಡಿಸಿ ಕನಸಿನ ನಿದ್ರೆಗೂ ಕನಸಿಲ್ಲದ ಗಾಢ ನಿದ್ರೆಗೂ ಗೆರೆ ಎಳೆಯಿತು. ಚರಕ ಸಂಹಿತೆ ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ದೇಹವನ್ನು ಹಿಡಿದು ನಿಲ್ಲಿಸುವ ಮೂರು ಉಪಸ್ತಂಭಗಳೆಂದು ಕರೆಯಿತು. ಇವೆಲ್ಲ ಇಂದಿನ ವಿಜ್ಞಾನವನ್ನು ಅಂದೇ ಕಂಡಿದ್ದರೆಂಬುದಕ್ಕೆ ಸಾಕ್ಷಿಯಲ್ಲ. ಹಾಗೆ ಹೇಳಿಕೊಳ್ಳುವ ಅಗತ್ಯವೂ ನಮಗಿಲ್ಲ. ನಿದ್ರೆಯನ್ನು ಕೇವಲ ಶೂನ್ಯವೆಂದು ತಳ್ಳಿಹಾಕದೆ ಅದನ್ನು ಗಮನಿಸಬೇಕಾದ ಸಂಗತಿಯೆಂದು ಬಗೆದ ಒಂದು ಪರಂಪರೆ ನಮ್ಮಲ್ಲಿತ್ತು ಎಂಬಷ್ಟನ್ನು ನೆನೆದರೆ ಸಾಕು.

ಪಾಶ್ಚಾತ್ಯ ವೈದ್ಯಶಾಸ್ತ್ರದಲ್ಲಿ ಈ ವಿಚಾರಕ್ಕೆ ಒಂದು ಖಚಿತವಾದ ತಿರುವು ಬಂದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಆಗ ಯೂರೋಪಿನಲ್ಲಿ ಮಿದುಳಿನ ಉರಿಯೂತದ ಒಂದು ವಿಚಿತ್ರ ವ್ಯಾಧಿ ಹಬ್ಬಿತು. ಅದಕ್ಕೆ ತುತ್ತಾದವರಲ್ಲಿ ಹಲವರು ದಿನಗಟ್ಟಲೆ ನಿದ್ರಿಸಿದರು. ಕೆಲವರಿಗೆ ಮಾತ್ರ ನಿದ್ರೆಯೇ ಹಾರಿಹೋಯಿತು. ವಿಯೆನ್ನಾದ ವೈದ್ಯ ಕಾನ್‌ಸ್ಟಾಂಟಿನ್ ಫಾನ್ ಇಕೊನೊಮೊ ಸತ್ತವರ ಮಿದುಳುಗಳನ್ನು ಪರೀಕ್ಷಿಸಿ, ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಸಣ್ಣ ಭಾಗದ ಹಿಂಬದಿಗೆ ಪೆಟ್ಟುಬಿದ್ದರೆ ಅತಿನಿದ್ರೆಯೂ, ಮುಂಬದಿಗೆ ಪೆಟ್ಟುಬಿದ್ದರೆ ನಿದ್ರಾಹೀನತೆಯೂ ಉಂಟಾಗುತ್ತದೆಂದು ತೋರಿಸಿದ. ನಿದ್ರೆ ಬರುವುದೂ ಒಂದು ಕೆಲಸ, ಅದನ್ನು ಮಾಡಲು ಮಿದುಳಿನಲ್ಲಿ ಒಂದು ನೆಲೆಯಿದೆ ಎಂಬುದು ಇದರಿಂದ ತಿಳಿದುಬಂತು. ೧೯೨೯ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ನೆತ್ತಿಯ ಮೇಲಿಂದಲೇ ಮಿದುಳಿನ ವಿದ್ಯುತ್ತರಂಗಗಳನ್ನು ದಾಖಲಿಸಿದ ಪ್ರಯೋಗವನ್ನು ಪ್ರಕಟಿಸಿದ. ೧೯೫೩ರಲ್ಲಿ ಷಿಕಾಗೋದ ಅಸರಿನ್ಸ್ಕಿ ಮತ್ತು ಕ್ಲೈಟ್‌ಮನ್ ಅವರು ನಿದ್ರೆಯ ನಡುವೆ ಕಣ್ಣಾಲಿಗಳು ಚಕಚಕನೆ ಓಡಾಡುವ ಘಟ್ಟವೊಂದನ್ನು ಗುರುತಿಸಿ, ಅದು ಕನಸಿನೊಡನೆ ಹೊಂದಿಕೊಂಡಿರುವುದನ್ನು ಕಂಡರು. ರಾತ್ರಿಯ ನಿದ್ರೆ ಒಂದೇ ಸಮನಾದ ಬಯಲಲ್ಲ. ಸುಮಾರು ಒಂದೂವರೆ ಗಂಟೆಗೊಮ್ಮೆ ಅದು ಹಗುರ ನಿದ್ರೆಯಿಂದ ಗಾಢ ನಿದ್ರೆಗೆ ಇಳಿದು, ಮತ್ತೆ ಮೇಲೇರಿ ಕನಸನ್ನು ಮುಟ್ಟಿ ಬರುತ್ತದೆ ಎಂಬ ಚಿತ್ರ ಹೀಗೆ ಸಿದ್ಧವಾಯಿತು.

ಇಲ್ಲಿಯವರೆಗಿನದು ಮಿದುಳಿನ ಯಾವ ಭಾಗ ಯಾವ ಕೆಲಸ ಮಾಡುತ್ತದೆ ಎಂಬ ವಿಚಾರ. ಇತ್ತೀಚಿನ ಪ್ರಶ್ನೆ ಬೇರೆ ತೆರನಾದುದು. ಮನುಷ್ಯನ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆ. ಇವುಗಳಲ್ಲಿ ಒಂದೊಂದೂ ಏಕಾಂಗಿಯಾಗಿ ಏನನ್ನೂ ಮಾಡಲಾರದು. ಮಾಡುವುದೆಲ್ಲ ಒಂದರೊಡನೊಂದು ಕೂಡಿ. ಆದ್ದರಿಂದ ಯಾವ ಭಾಗ ದುಡಿಯುತ್ತಿದೆ ಎಂದು ಕೇಳಿದರೆ ಸಾಲದು, ಯಾವ ಭಾಗ ಯಾವುದರೊಡನೆ ಮಾತನಾಡುತ್ತಿದೆ ಎಂದು ಕೇಳಬೇಕು. ಇದನ್ನೇ ಮಿದುಳಿನ ಸಂಪರ್ಕ ಅಥವಾ ನಂಟು ಎನ್ನುತ್ತಾರೆ.

ಈ ನಂಟಿನಲ್ಲಿ ಎರಡು ಬಗೆ. ಅದನ್ನು ನಮ್ಮ ನೆಲದ ಒಂದು ಉದಾಹರಣೆಯಿಂದ ತಿಳಿಯುವುದು ಮೇಲು. ಗದಗ ಜಿಲ್ಲೆಯ ರೋಣ ತಾಲೂಕಿನಲ್ಲಿ ಯಾವಗಲ್ ಎಂಬ ಊರಿದೆ; ಸುತ್ತ ಮಲಪ್ರಭೆಯ ಸೀಮೆಯ ಎರೆಭೂಮಿ. ಅಲ್ಲಿಂದ ಹೊರಟ ದಾರಿಗಳು ಬೇರೆ ಬೇರೆ ಊರುಗಳನ್ನು ಮುಟ್ಟುತ್ತವೆ. ಭೂಪಟದಲ್ಲಿ ಗುರುತಿಸಬಹುದಾದ ಈ ದಾರಿಗಳ ಹಾಗೆ ಮಿದುಳಿನಲ್ಲಿಯೂ ನರತಂತುಗಳ ಹಾದಿಗಳಿವೆ. ಇದು ರಚನೆಯ ನಂಟು. ಆದರೆ ದಾರಿ ಇದ್ದ ಮಾತ್ರಕ್ಕೆ ಸಂಚಾರವಿದೆಯೆಂದು ಹೇಳಲಾಗದು. ದೂರದ ಗುಡ್ಡದ ಮೇಲೆ ನಿಂತು ನೋಡುವವನೊಬ್ಬನಿಗೆ, ಎರಡು ಊರುಗಳಿಂದ ವಾರದ ಅದೇ ದಿನ, ಅದೇ ಹೊತ್ತಿಗೆ ಬಂಡಿಗಳು ಹೊರಡುವುದು ಮತ್ತೆ ಮತ್ತೆ ಕಂಡುಬಂದರೆ, ಅವನು ಏನೆಂದು ಊಹಿಸುತ್ತಾನೆ? ಈ ಎರಡು ಊರುಗಳಿಗೂ ಒಂದೇ ಸಂತೆಯ ಸಂಬಂಧವಿರಬೇಕು ಎಂದು. ಬಂಡಿಯಲ್ಲಿ ಜೋಳವಿದೆಯೋ ಹತ್ತಿಯಿದೆಯೋ ಅವನಿಗೆ ತಿಳಿಯದು. ಏರಿಳಿತ ಒಟ್ಟೊಟ್ಟಿಗೆ ನಡೆಯುತ್ತದೆಂಬುದಷ್ಟೇ ತಿಳಿದದ್ದು. ಮಿದುಳಿನಲ್ಲಿ ಹೀಗೆ ದೂರದೂರದ ಭಾಗಗಳ ಚಟುವಟಿಕೆ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದನ್ನು ಕ್ರಿಯೆಯ ನಂಟು ಎಂದು ಕರೆಯುತ್ತಾರೆ.

ಈ ಕ್ರಿಯೆಯ ನಂಟನ್ನು ಬದುಕಿರುವ ಮನುಷ್ಯನಲ್ಲಿ, ಮೈ ಕೊಯ್ಯದೆ ನೋಡುವುದು ಸಾಧ್ಯವಾದದ್ದು ಕಾಂತೀಯ ಅನುರಣನದ ಯಂತ್ರದಿಂದ. ಮಿದುಳಿನ ಯಾವ ಭಾಗ ಹೆಚ್ಚು ದುಡಿಯುತ್ತದೋ ಅಲ್ಲಿಗೆ ಪ್ರಾಣವಾಯು ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ರಕ್ತದ ಕಾಂತಗುಣದಲ್ಲಿ ಆಗುವ ಅತಿ ಸಣ್ಣ ವ್ಯತ್ಯಾಸವನ್ನು ಯಂತ್ರ ಹಿಡಿಯುತ್ತದೆ. ೧೯೯೫ರಲ್ಲಿ, ಆಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಭರತ್ ಬಿಸ್ವಾಲ್ ಮತ್ತು ಸಂಗಡಿಗರು ಒಂದು ವಿಷಯವನ್ನು ಗಮನಿಸಿದರು. ಯಂತ್ರದೊಳಗೆ ಮಲಗಿದವನು ಕೈಬೆರಳನ್ನೂ ಆಡಿಸದೆ ಸುಮ್ಮನಿದ್ದಾಗಲೂ, ಎಡಗೈಯನ್ನು ಆಳುವ ಮಿದುಳಿನ ಭಾಗವೂ ಬಲಗೈಯನ್ನು ಆಳುವ ಭಾಗವೂ ನಿಧಾನವಾದ ಒಂದೇ ಲಯದಲ್ಲಿ ಏರಿಳಿಯುತ್ತಿದ್ದುವು. ಸುಮ್ಮನಿರುವ ಮಿದುಳು ಸುಮ್ಮನಿಲ್ಲ ಎಂಬುದು ಇದರ ತಾತ್ಪರ್ಯ. ೨೦೦೧ರಲ್ಲಿ ಮಾರ್ಕಸ್ ರೈಕ್ಲ್ ಮತ್ತು ಸಂಗಡಿಗರು, ಕೈಯಲ್ಲಿ ಕೆಲಸವಿಲ್ಲದಾಗ ಚುರುಕಾಗಿ, ಕೆಲಸ ಹತ್ತಿದೊಡನೆ ಹಿಂಜರಿಯುವ ಮಿದುಳಿನ ಭಾಗಗಳನ್ನು ವಿವರಿಸಿದರು. ನಾವು ಹಿಂದಿನದನ್ನು ನೆನೆಯುವಾಗ, ನಾಳೆಯನ್ನು ಲೆಕ್ಕ ಹಾಕುವಾಗ, ನಮ್ಮನ್ನು ಕುರಿತು ನಾವೇ ಯೋಚಿಸಿಕೊಳ್ಳುವಾಗ ಈ ಜಾಲ ಎಚ್ಚೆತ್ತಿರುತ್ತದೆ. ನಿದ್ದೆ ಬಾರದವರು ಹಾಸಿಗೆಯಲ್ಲಿ ಮಾಡುವುದು ಬಹುಮಟ್ಟಿಗೆ ಇದನ್ನೇ ಎಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

ಇನ್ನು, ನಿದ್ರೆಯಲ್ಲಿ ಈ ನಂಟುಗಳಿಗೆ ಏನಾಗುತ್ತದೆ? ೨೦೦೫ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮಾರ್ಚೆಲ್ಲೊ ಮಸ್ಸಿಮಿನಿ, ಜೂಲಿಯೊ ಟೊನೋನಿ ಮೊದಲಾದವರು ಪ್ರಕಟಿಸಿದ ಪ್ರಯೋಗ ಇದಕ್ಕೆ ಬಹು ಸುಂದರವಾದ ಉತ್ತರ ಕೊಟ್ಟಿತು. ಅವರು ತಲೆಯ ಹೊರಗಿನಿಂದಲೇ ಕಾಂತದ ಒಂದು ಕಿರುತಟ್ಟು ಕೊಟ್ಟು, ಆ ತಟ್ಟಿನ ಅಲೆ ಮಿದುಳಿನಲ್ಲಿ ಎಲ್ಲೆಲ್ಲಿಗೆ ಹರಡುತ್ತದೆಂದು ಅಳೆದರು. ಎಚ್ಚರವಿದ್ದಾಗ ಆ ಅಲೆ ಒಂದು ಭಾಗದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾಯ್ದುಹೋಯಿತು. ಕನಸಿಲ್ಲದ ನಿದ್ರೆಯಲ್ಲಿ ಅದೇ ತಟ್ಟು, ತಟ್ಟಿದ ಜಾಗದಲ್ಲಿ ಇನ್ನೂ ಜೋರಾಗಿಯೇ ಮಾರ್ದನಿಸಿ, ಅಲ್ಲಿಯೇ ಬೇಗನೆ ಅಡಗಿಹೋಯಿತು. ಎಂದರೆ ನಿದ್ರಿಸುವ ಮಿದುಳಿನಲ್ಲಿ ನರಕೋಶಗಳು ಸತ್ತಂತೆ ಬಿದ್ದಿರುವುದಿಲ್ಲ. ಅವು ತಮ್ಮ ತಮ್ಮ ಜಾಗದಲ್ಲಿ ಜೀವಂತವಾಗಿಯೇ ಇರುತ್ತವೆ. ನಿಂತಿರುವುದು ಅವುಗಳ ನಡುವಣ ದೂರದ ಮಾತುಕತೆ. ಸಂತೆ ಮುಗಿದು, ಊರೂರಿನ ಬಂಡಿಗಳು ತಮ್ಮ ತಮ್ಮ ಊರಿಗೆ ಮರಳಿದ ಹಾಗೆ ಇದು. ಒಳ್ಳೆಯ ನಿದ್ರೆಯೆಂದರೆ ಮಿದುಳಿನ ಸಂತೆ ಹೊತ್ತಿಗೆ ಸರಿಯಾಗಿ ಕಲೆದುಹೋಗುವುದು.

ಹಾಗಾದರೆ ನಿದ್ರಾಹೀನರಲ್ಲಿ ಸಂತೆ ಕಲೆಯುವುದೇ ಇಲ್ಲವೆ? ಈ ಪ್ರಶ್ನೆಗೆ ಬರುವ ಮುನ್ನ ಒಂದು ವಿವೇಚನೆ ಅಗತ್ಯ. ನಿದ್ದೆ ಇಲ್ಲದಿರುವುದು ಬೇರೆ, ನಿದ್ದೆ ಬಾರದಿರುವುದು ಬೇರೆ. ಪಂಪುಸೆಟ್ಟಿಗೆ ರಾತ್ರಿಯ ಪಾಳಿಯಲ್ಲಿ ವಿದ್ಯುತ್ತು ಬರುವ ಹಳ್ಳಿಗಳಲ್ಲಿ ನಡುರಾತ್ರಿ ಎದ್ದು ಹೊಲಕ್ಕೆ ನೀರು ಹಾಯಿಸುವ ರೈತ, ಹಾಲುಣ್ಣುವ ಕೂಸಿನ ತಾಯಿ, ರಾತ್ರಿಪಾಳಿಯ ಕಾವಲುಗಾರ, ಇವರೆಲ್ಲ ನಿದ್ದೆಯಿಂದ ವಂಚಿತರಾದವರು. ಅವರಿಗೆ ಒಂದು ಮೂಲೆಯಲ್ಲಿ ಒಂದು ಕಂಬಳಿ ಸಿಕ್ಕರೆ ಸಾಕು, ತಕ್ಷಣ ನಿದ್ದೆ ಹತ್ತುತ್ತದೆ. ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಎಂಬ ಗಾದೆ ಹುಟ್ಟಿದ್ದು ಇಂಥವರನ್ನು ಕಂಡು. ಇವರ ಕಷ್ಟಕ್ಕೆ ಪರಿಹಾರವಿರುವುದು ವೈದ್ಯನ ಬಳಿ ಅಲ್ಲ, ದುಡಿಮೆಯ ವ್ಯವಸ್ಥೆಯಲ್ಲಿ. ನಿದ್ರಾಹೀನತೆಯ ರೋಗಿಯಾದರೋ ಹಾಸಿಗೆ, ಹೊತ್ತು, ನಿಶ್ಶಬ್ದ ಎಲ್ಲ ಇದ್ದೂ ನಿದ್ದೆ ಕಾಣದವನು. ವಾರಕ್ಕೆ ಕನಿಷ್ಠ ಮೂರು ರಾತ್ರಿಯಂತೆ ಮೂರು ತಿಂಗಳಾದರೂ ಹೀಗೆ ನಡೆದು, ಹಗಲಿನ ಬದುಕೂ ಅದರಿಂದ ಕೆಟ್ಟರೆ, ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆಯೆಂದು ಕರೆಯುತ್ತಾರೆ.

ಇಂಥವರು ನಮ್ಮಲ್ಲಿ ಎಷ್ಟು ಮಂದಿ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ರೋಗಿಗಳ ಜೊತೆಗೆ ಬಂದಿದ್ದ, ಆರೋಗ್ಯವಂತರೆಂದು ತೋರುವ ೧,೦೫೦ ಜನರನ್ನು ವಿಚಾರಿಸಿ ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ೧೮.೬ರಷ್ಟು ಮಂದಿಯಲ್ಲಿ ನಿದ್ರಾಹೀನತೆಯ ಲಕ್ಷಣಗಳು ಕಂಡುಬಂದವು. ಅದಕ್ಕಿಂತ ಗಮನಾರ್ಹವಾದ ಮಾತು ಇನ್ನೊಂದಿದೆ: ಅವರಲ್ಲಿ ಬಹುಪಾಲು ಜನ ತಮ್ಮ ನಿದ್ರೆ ಚೆನ್ನಾಗಿಯೇ ಇದೆಯೆಂದು ಹೇಳಿದ್ದರು. ನಿದ್ದೆಗೆಡುವುದನ್ನು ಒಂದು ದೂರೆಂದು ಎಣಿಸುವ ಅಭ್ಯಾಸವೇ ನಮ್ಮಲ್ಲಿ ಕಡಿಮೆ. ಅದು ವಯಸ್ಸಿನ ಗುಣ, ಸಂಸಾರದ ತಾಪತ್ರಯ, ಹಣೆಬರಹ ಎಂದು ನಾವು ನುಂಗಿಕೊಳ್ಳುತ್ತೇವೆ.

ನುಂಗಿಕೊಳ್ಳದೆ ಹೇಳಿದವರಿಗಾದರೂ ನಂಬುಗೆ ಸಿಕ್ಕುತ್ತದೆಯೆ? ಎಷ್ಟೋ ಮನೆಗಳಲ್ಲಿ ಬೆಳಗಿನ ಚಹದ ಹೊತ್ತಿಗೆ ನಡೆಯುವ ಒಂದು ವಾಗ್ವಾದವನ್ನು ತಾವು ಕೇಳಿರಬಹುದು. ರಾತ್ರಿಯೆಲ್ಲ ಕಣ್ಣಿಗೆ ಕಣ್ಣು ಹತ್ತಲಿಲ್ಲ ಎಂದು ಹೆಂಡತಿ ಹೇಳುತ್ತಾಳೆ. ನಾನು ಎದ್ದಾಗ ನೀನು ಗೊರಕೆ ಹೊಡೆಯುತ್ತಿದ್ದೆಯಲ್ಲ ಎಂದು ಗಂಡ ನಗುತ್ತಾನೆ. ಬಹುಕಾಲ ವಿಜ್ಞಾನವೂ ಗಂಡನ ಪಕ್ಷವನ್ನೇ ವಹಿಸಿತ್ತು. ನಿದ್ರಾಶಾಲೆಯಲ್ಲಿ ಮಲಗಿಸಿ ವಿದ್ಯುತ್ತರಂಗಗಳನ್ನು ಬರೆದುಕೊಂಡಾಗ, ಇಡೀ ರಾತ್ರಿ ಎಚ್ಚರವಿದ್ದೆವೆಂದು ಹೇಳುವ ಅನೇಕರು ಗಂಟೆಗಟ್ಟಲೆ ನಿದ್ರಿಸಿದ್ದು ಕಾಗದದ ಮೇಲೆ ಕಾಣುತ್ತಿತ್ತು. ಆದ್ದರಿಂದ ಅವರದು ಉತ್ಪ್ರೇಕ್ಷೆ, ಭ್ರಮೆ ಎಂಬ ತೀರ್ಮಾನ ಸುಲಭವಾಗಿತ್ತು.

ಆದರೆ ಅದೇ ತರಂಗಗಳನ್ನು ಇನ್ನಷ್ಟು ಸೂಕ್ಷ್ಮವಾಗಿ ನೋಡಿದಾಗ ಮಾತು ಬದಲಾಯಿತು. ಗಾಢ ನಿದ್ರೆಯ ದೊಡ್ಡ ನಿಧಾನದ ಅಲೆಗಳ ಮೇಲೆ, ಎಚ್ಚರದಲ್ಲಿ ಕಾಣುವಂಥ ಅತಿ ವೇಗದ ಸಣ್ಣ ಅಲೆಗಳು ಸವಾರಿ ಮಾಡುತ್ತಿರುವುದು ನಿದ್ರಾಹೀನರಲ್ಲಿ ಹೆಚ್ಚಾಗಿ ಕಂಡುಬಂತು. ೨೦೦೪ರಲ್ಲಿ ಪಿಟ್ಸ್‌ಬರ್ಗಿನ ಎರಿಕ್ ನಾಫ್‌ಜಿಂಗರ್ ಮತ್ತು ಸಂಗಡಿಗರು ಏಳು ಮಂದಿ ರೋಗಿಗಳನ್ನೂ ಇಪ್ಪತ್ತು ಮಂದಿ ಆರೋಗ್ಯವಂತರನ್ನೂ ಹೋಲಿಸಿ, ಮಿದುಳು ಸಕ್ಕರೆಯನ್ನು ಬಳಸುವ ಪ್ರಮಾಣವನ್ನು ಎಚ್ಚರದಲ್ಲಿಯೂ ನಿದ್ರೆಯಲ್ಲಿಯೂ ಅಳೆದರು. ಎಚ್ಚರವನ್ನು ಕಾಯುವ ಮಿದುಳುಕಾಂಡ, ಹೈಪೊಥಲಾಮಸ್, ಥಲಾಮಸ್ ಮೊದಲಾದ ಭಾಗಗಳು ಆರೋಗ್ಯವಂತರಲ್ಲಿ ನಿದ್ರೆಯ ಹೊತ್ತಿಗೆ ಇಳಿಮುಖವಾದಷ್ಟು ನಿದ್ರಾಹೀನರಲ್ಲಿ ಇಳಿಯಲಿಲ್ಲ. ಪರೀಕ್ಷಿಸಿದವರ ಸಂಖ್ಯೆ ಸಣ್ಣದು, ನಿಜ. ಆದರೂ ಒಂದು ಅರ್ಥ ಹೊಳೆಯಿತು. ಆಕೆ ಮಲಗಿದ್ದೂ ನಿಜ, ಎಚ್ಚರವಿದ್ದೂ ನಿಜ. ಮಿದುಳು ಪೂರ್ತಿಯಾಗಿ ಮಲಗುವುದು ಅಥವಾ ಪೂರ್ತಿಯಾಗಿ ಏಳುವುದು ಎಂಬ ಎರಡೇ ಸ್ಥಿತಿಗಳಲ್ಲಿ ಇರಬೇಕಾಗಿಲ್ಲ. ಊರು ಮಲಗಿದರೂ ಒಂದೆರಡು ಓಣಿಗಳಲ್ಲಿ ದೀಪ ಉರಿಯುತ್ತಿರಬಹುದು. ಚಹದ ಹೊತ್ತಿನ ವಾಗ್ವಾದದಲ್ಲಿ ಹೆಂಡತಿ ಸುಳ್ಳು ಹೇಳಿರಲಿಲ್ಲ.

ಯಾವ ಓಣಿಗಳಲ್ಲಿ ಈ ದೀಪ ಉರಿಯುತ್ತಿದೆ? ನಂಟುಗಳ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ನಮ್ಮ ಮಿದುಳಿನಲ್ಲಿ, ಮಡಿಕೆಯೊಳಗೆ ಅಡಗಿರುವ ಇನ್ಸುಲಾ ಎಂಬ ಭಾಗವೊಂದಿದೆ. ಎದೆಬಡಿತ, ಹೊಟ್ಟೆಯ ತಳಮಳ, ಮೈಯ ಬಿಸಿ ಮೊದಲಾದ ಒಳಗಿನ ಸುದ್ದಿಗಳು ಅಲ್ಲಿಗೆ ಮುಟ್ಟುತ್ತವೆ. ಅದು ಇನ್ನು ಕೆಲವು ಭಾಗಗಳೊಡನೆ ಕೂಡಿ, ಈಗ ಗಮನಿಸಬೇಕಾದದ್ದು ಯಾವುದು ಎಂದು ಆರಿಸುವ ಕಾವಲುಜಾಲವಾಗಿ ಕೆಲಸ ಮಾಡುತ್ತದೆ. ೨೦೧೪ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹದಿನೇಳು ಮಂದಿ ನಿದ್ರಾಹೀನ ಮಹಿಳೆಯರನ್ನೂ ಹದಿನೇಳು ಮಂದಿ ಆರೋಗ್ಯವಂತ ಮಹಿಳೆಯರನ್ನೂ, ಸುಮ್ಮನೆ ವಿಶ್ರಮಿಸುವಾಗ ಮತ್ತು ನಿದ್ರಿಸಲು ಯತ್ನಿಸುವಾಗ ಪರೀಕ್ಷಿಸಲಾಯಿತು. ನಿದ್ರಾಹೀನರಲ್ಲಿ ಇನ್ಸುಲಾ ಈ ಕಾವಲುಜಾಲದೊಡನೆ ಹೆಚ್ಚು ಬಿಗಿಯಾಗಿ ಬೆಸೆದುಕೊಂಡಿತ್ತು. ಭಯ ಮತ್ತು ಉದ್ವೇಗಗಳೊಡನೆ ಸಂಬಂಧವುಳ್ಳ ಅಮಿಗ್ಡಲಾ ಎಂಬ ಬಾದಾಮಿಯಾಕಾರದ ಭಾಗದ ನಂಟುಗಳಲ್ಲಿಯೂ ವ್ಯತ್ಯಾಸವನ್ನು ಕೆಲವರು ಕಂಡಿದ್ದಾರೆ. ೨೦೧೩ರಲ್ಲಿ ಅಮೆರಿಕದ ಶಾನ್ ಡ್ರಮಂಡ್ ಮತ್ತು ಸಂಗಡಿಗರು ತೋರಿಸಿದ್ದು ಇನ್ನೂ ಕುತೂಹಲಕಾರಿಯಾದದ್ದು: ಹಗಲು ಹೊತ್ತು ನೆನಪಿನ ಕೆಲಸವೊಂದನ್ನು ಕೊಟ್ಟಾಗ, ಆರೋಗ್ಯವಂತರಲ್ಲಿ ಹಿಂಜರಿಯುವ ಆ ತನ್ನತನದ ಜಾಲ ನಿದ್ರಾಹೀನರಲ್ಲಿ ಅಷ್ಟಾಗಿ ಹಿಂಜರಿಯಲಿಲ್ಲ. ರಾತ್ರಿ ಕಲೆಯದ ಸಂತೆ ಹಗಲಿನ ಕೆಲಸಕ್ಕೂ ಅಡ್ಡ ಬರುತ್ತದೆ ಎಂದು ಇದನ್ನು ಓದಬಹುದು.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದುವರಿಯುವುದು ಸರಿಯಲ್ಲ. ಇಂಥ ಅಧ್ಯಯನಗಳಲ್ಲಿ ಹಲವು ಸಣ್ಣವು; ಅವುಗಳ ಫಲಿತಾಂಶಗಳು ಒಂದರೊಡನೊಂದು ಪೂರ್ತಿಯಾಗಿ ಹೊಂದುವುದಿಲ್ಲ. ೨೦೧೮ರಲ್ಲಿ ಒಂದು ಅಂತರರಾಷ್ಟ್ರೀಯ ತಂಡ ಅವುಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಎಲ್ಲ ಅಧ್ಯಯನಗಳೂ ಒಪ್ಪುವ ಒಂದು ಖಚಿತವಾದ ಜಾಗ ಮಿದುಳಿನಲ್ಲಿ ಸಿಕ್ಕಲಿಲ್ಲ. ಇದಕ್ಕೆ ಒಂದು ಕಾರಣ, ನಿದ್ರಾಹೀನತೆ ಎಂಬ ಒಂದೇ ಹೆಸರಿನ ಕೆಳಗೆ ಹಲವು ಬಗೆಯ ಜನರಿರುವುದು. ನೆದರ್ಲೆಂಡ್ಸ್‌ನ ಸಂಶೋಧಕರು ಎರಡು ಸಾವಿರಕ್ಕೂ ಹೆಚ್ಚು ನಿದ್ರಾಹೀನರ ಸ್ವಭಾವ ಮತ್ತು ಜೀವನದ ಅನುಭವಗಳನ್ನು ವಿಚಾರಿಸಿ, ೨೦೧೯ರಲ್ಲಿ ಅವರನ್ನು ಐದು ಬಗೆಗಳಾಗಿ ವಿಂಗಡಿಸಿದರು. ಇನ್ನೊಂದು ತೊಡಕು, ನಂಟಿನ ವ್ಯತ್ಯಾಸವೇ ನಿದ್ದೆಗೆಡಲು ಕಾರಣವೋ, ವರ್ಷಗಟ್ಟಲೆ ನಿದ್ದೆಗೆಟ್ಟದ್ದರ ಪರಿಣಾಮವೋ ಎಂಬುದನ್ನು ಒಂದು ಚಿತ್ರದಿಂದ ಹೇಳಲಾಗದು. ಆದ್ದರಿಂದ ತಲೆಯ ಚಿತ್ರ ತೆಗೆಸಿ ನಿದ್ರಾಹೀನತೆಯನ್ನು ಪತ್ತೆ ಹಚ್ಚುವ ಪದ್ಧತಿ ವೈದ್ಯರಲ್ಲಿಲ್ಲ. ಅದಕ್ಕಾಗಿ ಹಣ ಸುರಿಯುವ ಅಗತ್ಯವೂ ಯಾರಿಗೂ ಇಲ್ಲ. ರೋಗಿಯ ಮಾತನ್ನು ಕೇಳುವುದೇ ಇಂದಿಗೂ ಮುಖ್ಯ ಪರೀಕ್ಷೆ.

ಕೆಲವು ರಾತ್ರಿಗಳ ನಿದ್ದೆಗೇಡು ವರ್ಷಗಳ ರೋಗವಾಗಿ ಬೆಳೆಯುವುದು ಹೇಗೆ? ಅಮೆರಿಕದ ಆರ್ಥರ್ ಸ್ಪೀಲ್‌ಮನ್ ೧೯೮೭ರಲ್ಲಿ ಕೊಟ್ಟ ವಿವರಣೆ ಈಗಲೂ ಉಪಯುಕ್ತವಾಗಿದೆ. ಒಂದು, ಹುಟ್ಟಿನಿಂದ ಬಂದ ಒಲವು. ಎರಡು, ಕಿಡಿ ಹೊತ್ತಿಸುವ ಘಟನೆ. ಮೂರು, ಹೊತ್ತಿದ್ದನ್ನು ಆರಗೊಡದ ಅಭ್ಯಾಸ. ಇದನ್ನು ನಮ್ಮ ಸೀಮೆಯಲ್ಲಿಯೇ ಕಲ್ಪಿಸಿಕೊಳ್ಳೋಣ. ೨೦೦೯ರ ಅಕ್ಟೋಬರಿನಲ್ಲಿಯೂ ೨೦೧೯ರ ಆಗಸ್ಟಿನಲ್ಲಿಯೂ ಮಲಪ್ರಭೆಯ ಪ್ರವಾಹ ರೋಣ ನರಗುಂದ ಸೀಮೆಯ ಹಳ್ಳಿಗಳನ್ನು ಪೀಡಿಸಿತು. ಅಂಥ ಹಳ್ಳಿಯೊಂದರ ರೈತನೊಬ್ಬ, ನೀರು ಏರುವ ಸಪ್ಪಳಕ್ಕೆ ಕಿವಿಗೊಟ್ಟು ಕೆಲವು ರಾತ್ರಿ ಎಚ್ಚರವಿರುತ್ತಾನೆ. ಅದು ರೋಗವಲ್ಲ, ಅಂದು ಎಚ್ಚರವೇ ವಿವೇಕ. ಮಿದುಳಿನ ಕಾವಲುಜಾಲ ತನ್ನ ಕರ್ತವ್ಯವನ್ನು ಮಾಡಿದೆ. ನೀರು ಇಳಿಯುತ್ತದೆ. ಹತ್ತು ಜನರಲ್ಲಿ ಹಲವರು ಮತ್ತೆ ಮಲಗಲು ಕಲಿಯುತ್ತಾರೆ. ಒಬ್ಬಿಬ್ಬರಲ್ಲಿ ಮಾತ್ರ ಕಾವಲುಗಾರ ಕೆಳಗಿಳಿಯುವುದಿಲ್ಲ. ಅಂಥವನು ಕಳೆದ ನಿದ್ದೆಯನ್ನು ತುಂಬಿಕೊಳ್ಳಲು ಸಂಜೆ ಏಳಕ್ಕೇ ಹಾಸಿಗೆ ಸೇರುತ್ತಾನೆ, ಮಧ್ಯಾಹ್ನ ಅಡ್ಡಾಗುತ್ತಾನೆ, ತೂಕಡಿಕೆ ಕಳೆಯಲು ಮೇಲಿಂದ ಮೇಲೆ ಚಹ ಕುಡಿಯುತ್ತಾನೆ, ಗಳಿಗೆಗೊಮ್ಮೆ ಗಡಿಯಾರ ನೋಡುತ್ತಾನೆ. ನಿದ್ದೆಗೆಂದು ಮಾಡಿದ ಈ ಉಪಾಯಗಳೇ ನಿದ್ದೆಯನ್ನು ಓಡಿಸುತ್ತವೆ. ಕೊನೆಗೆ ಹಾಸಿಗೆಯನ್ನು ಕಂಡೊಡನೆ ಮಿದುಳು ನಿದ್ರೆಗಲ್ಲ, ಕಾವಲಿಗೆ ಅಣಿಯಾಗುತ್ತದೆ. ಅಭ್ಯಾಸ ಹೀಗೆ ನಂಟಾಗುತ್ತದೆ.

ಅಭ್ಯಾಸದಿಂದ ಬಂದದ್ದನ್ನು ಅಭ್ಯಾಸದಿಂದ ಬಿಡಿಸಬಹುದೆಂಬುದೇ ಇಂದಿನ ಚಿಕಿತ್ಸೆಯ ಆಧಾರ. ೨೦೧೬ರಲ್ಲಿ ಅಮೆರಿಕದ ವೈದ್ಯರ ಕಾಲೇಜು ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದದ್ದು ಮಾತ್ರೆಯಲ್ಲ, ನಡವಳಿಕೆಯ ಚಿಕಿತ್ಸೆ ಎಂದು ಮಾರ್ಗದರ್ಶನ ಮಾಡಿತು. ಅದರ ಸಾರ ಸರಳವಾಗಿದೆ. ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗಬೇಕು. ಬಾರದಿದ್ದರೆ ಎದ್ದು ಬೇರೆ ಕಡೆ ಕುಳಿತು, ಕಣ್ಣು ಎಳೆದಾಗ ಮರಳಬೇಕು. ರಾತ್ರಿ ಹೇಗೇ ಕಳೆದಿರಲಿ, ಬೆಳಗ್ಗೆ ಏಳುವ ಹೊತ್ತು ಒಂದೇ ಇರಬೇಕು. ಐದು ಗಂಟೆ ನಿದ್ದೆ ಬರುವವನು ಒಂಬತ್ತು ಗಂಟೆ ಹಾಸಿಗೆಯಲ್ಲಿ ಉರುಳಾಡದೆ, ಹಾಸಿಗೆಯ ಹೊತ್ತನ್ನೇ ಮೊದಲು ಕಡಿಮೆ ಮಾಡಿ, ನಿದ್ದೆ ಗಟ್ಟಿಯಾದಂತೆ ಹೆಚ್ಚಿಸಬೇಕು. ಈ ಕೊನೆಯದನ್ನು ವೈದ್ಯರ ಸಲಹೆಯಿಂದಲೇ ಮಾಡತಕ್ಕದ್ದು. ಅಪಸ್ಮಾರದಂಥ ರೋಗವುಳ್ಳವರಿಗೆ ಅದು ಅಪಾಯಕಾರಿಯಾಗಬಹುದು. ಒಂದೇ ಅಂಕಣದ ಮನೆಯಲ್ಲಿ ಆರು ಜನ ಮಲಗುವಲ್ಲಿ ಬೇರೆ ಕೋಣೆಗೆ ಹೋಗು ಎಂಬ ಉಪದೇಶ ಹಾಸ್ಯಾಸ್ಪದವಾಗಿ ತೋರಬಹುದು. ಆದರೆ ನಮ್ಮ ಮನೆಗಳ ಮುಂದೆ ಕಟ್ಟೆಗಳಿವೆ, ಪಡಸಾಲೆಗಳಿವೆ. ಹಾಸಿಗೆಯಿಂದ ನಾಲ್ಕು ಹೆಜ್ಜೆ ಆಚೆ ಕುಳಿತರೂ ಸಾಕು. ಜೋರಾದ ಗೊರಕೆ, ಉಸಿರುಗಟ್ಟುವಿಕೆ, ಕಾಲುಗಳ ಚಡಪಡಿಕೆ, ಮೈನೋವು ಇವುಗಳಿದ್ದರೆ ಅವುಗಳ ಚಿಕಿತ್ಸೆ ಮೊದಲು ಆಗಬೇಕು. ಔಷಧಿ ಅಂಗಡಿಯಿಂದ ತಾವೇ ತಂದು ನುಂಗುವ ನಿದ್ದೆಮಾತ್ರೆಗಳು ಕೆಲವು ವಾರಗಳಲ್ಲಿಯೇ ಚಟವಾಗಬಲ್ಲವು. ಒಮ್ಮೆಗೇ ಬಿಟ್ಟರೆ ನಿದ್ದೆ ಇನ್ನಷ್ಟು ಕೆಡುವುದೂ ಉಂಟು.

ನಮ್ಮ ನಾಡಿನಲ್ಲಿಯೇ ನಡೆದ ಎರಡು ಬಗೆಯ ಕೆಲಸಗಳನ್ನು ಇಲ್ಲಿ ಹೇಳಬೇಕು. ಬೆಂಗಳೂರಿನ ವಿವೇಕಾನಂದ ಯೋಗ ಸಂಶೋಧನ ಪ್ರತಿಷ್ಠಾನದವರು ವೃದ್ಧಾಶ್ರಮವೊಂದರ ೬೯ ಮಂದಿಯನ್ನು ಮೂರು ಗುಂಪು ಮಾಡಿ ಆರು ತಿಂಗಳು ಗಮನಿಸಿ ೨೦೦೫ರಲ್ಲಿ ಪ್ರಕಟಿಸಿದ ವರದಿಯಂತೆ, ಯೋಗಾಭ್ಯಾಸ ಮಾಡಿದ ಗುಂಪಿಗೆ ನಿದ್ದೆ ಹತ್ತಲು ಹಿಡಿಯುವ ಹೊತ್ತು ಸುಮಾರು ೧೦ ನಿಮಿಷ ಕಡಿಮೆಯಾಗಿ, ನಿದ್ರೆಯ ಅವಧಿ ಸುಮಾರು ಒಂದು ಗಂಟೆ ಹೆಚ್ಚಿತು. ಇದು ಅವರವರೇ ಹೇಳಿದ ಲೆಕ್ಕ. ನಿಮ್ಹಾನ್ಸ್‌ನ ನರಶರೀರಕ್ರಿಯಾ ವಿಭಾಗದವರು ವಿಪಶ್ಯನ ಧ್ಯಾನ ಮಾಡುವವರ ನಿದ್ರೆಯನ್ನು ಯಂತ್ರದಿಂದಲೇ ದಾಖಲಿಸಿ, ವಯಸ್ಸಾದಂತೆ ಕ್ಷೀಣಿಸುವ ಗಾಢ ನಿದ್ರೆ ಅವರಲ್ಲಿ ಹೆಚ್ಚು ಉಳಿದುಕೊಂಡಿರುವುದನ್ನು ೨೦೦೬ರಲ್ಲಿಯೂ ೨೦೧೦ರಲ್ಲಿಯೂ ವರದಿ ಮಾಡಿದರು. ಧ್ಯಾನದಿಂದ ನಿದ್ರೆ ಚೆನ್ನಾಯಿತೋ, ಚೆನ್ನಾಗಿ ನಿದ್ರಿಸುವ ಸ್ವಭಾವದವರೇ ಧ್ಯಾನಕ್ಕೆ ಒಲಿದರೋ ಎಂಬುದನ್ನು ಇಂಥ ಹೋಲಿಕೆ ತೀರ್ಮಾನಿಸಲಾರದು. ಆದರೂ ಗಮನವನ್ನು ಪಳಗಿಸುವುದರಿಂದ ಕಾವಲನ್ನು ಸಡಿಲಿಸಬಹುದೆಂಬ ಊಹೆಗೆ ಇದು ಒಂದು ಬೆಂಬಲ.

ಇದೆಲ್ಲ ಕೇವಲ ವಿದ್ವಾಂಸರ ಕುತೂಹಲವಲ್ಲ. ಖಿನ್ನತೆಯಿಲ್ಲದವರಲ್ಲಿ ನಿದ್ರಾಹೀನತೆಯಿದ್ದವರಿಗೆ ಮುಂದೆ ಖಿನ್ನತೆ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂದು, ೨೧ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೧ರಲ್ಲಿ ತೋರಿಸಲಾಗಿದೆ. ಮಳೆ ಕೈಕೊಟ್ಟ, ಸಾಲ ಮೇಲೇರಿದ ಮನೆಗಳಲ್ಲಿ ರಾತ್ರಿ ಎದ್ದು ಕುಳಿತಿರುವವನನ್ನು ಗಮನಿಸಬೇಕಾದ ಕಾರಣ ಇದು. ಹಳ್ಳಿಯ ಜನಕ್ಕೆ ಮನೋವೈದ್ಯ ದೂರವೆಂಬ ಕೊರಗು ಹಳೆಯದು. ಆ ದೂರವನ್ನು ತಗ್ಗಿಸಲೆಂದೇ ೧೯೮೫ರ ಸುಮಾರಿಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಆರೋಗ್ಯದ ಸೇವೆಯನ್ನು ಆರಂಭಿಸಿತು. ಅದೇ ದೇಶದ ಜಿಲ್ಲಾ ಯೋಜನೆಗೆ ಮಾದರಿಯಾಯಿತು. ಗದಗ ಸೀಮೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಹತ್ತಿರದಲ್ಲಿದೆ. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ ೧೪೪೧೬ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನಿದ್ದೆ ಬಾರದೆಂಬುದನ್ನು ಹೇಳಿಕೊಳ್ಳಲು ಇವು ಬಾಗಿಲುಗಳು.

ಹೇಳಿಕೊಳ್ಳಲು ಬಾಗಿಲು ಬೇಕಾದಂತೆ ಕೇಳಿಸಿಕೊಳ್ಳಲು ಕಿವಿಯೂ ಬೇಕು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬುದು ಅನುಭವದ ಮಾತೇ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದನ್ನು ನಿದ್ದೆಗೆಟ್ಟವನ ಮುಖಕ್ಕೆ ಹಿಡಿದು, ತಪ್ಪು ನಿನ್ನದೇ ಎನ್ನುವಂತೆ ಬಳಸುವುದು ನ್ಯಾಯವಲ್ಲ. ಎಂದೋ ಒಂದು ಅಗತ್ಯದ ರಾತ್ರ ಏರಿ ನಿಂತ ಕಾವಲುಗಾರನೊಬ್ಬ, ಅಪಾಯ ಕಳೆದ ಮೇಲೂ ಕೆಳಗಿಳಿಯಲು ಅರಿಯದೆ ಅವನ ಮಿದುಳಿನಲ್ಲಿ ನಿಂತಿದ್ದಾನೆ. ಅವನನ್ನು ಗದರಿಸಿ ಇಳಿಸಲಾಗದು. ಹೊತ್ತು ಹಿಡಿದು, ನಿಯಮದಿಂದ, ನಂಬುಗೆಯಿಂದ ಇಳಿಸಬೇಕಾಗುತ್ತದೆ. ನಾಳೆ ಬೆಳಗ್ಗೆ ಮನೆಯಲ್ಲಿ ಯಾರಾದರೂ ರಾತ್ರಿಯೆಲ್ಲ ನಿದ್ದೆ ಬರಲಿಲ್ಲವೆಂದರೆ, ಗೊರಕೆಯ ಲೆಕ್ಕ ಹೇಳುವ ಬದಲು, ಎಷ್ಟು ದಿನಗಳಿಂದ ಹೀಗೆ ಎಂದು ನಾವು ಕೇಳಬಹುದು.